ಒಂದು ಗಂಟೆಯ ಕತ್ತಲು

2024ರ ಮಾರ್ಚ್ 23, ಶನಿವಾರ. ರಾತ್ರಿ ಎಂಟೂವರೆಗೆ ಸರಿಯಾಗಿ ನಾನು ಮನೆಯ ದೀಪಗಳನ್ನೆಲ್ಲ ಒಂದೊಂದಾಗಿ ಆರಿಸಿದೆ. ಫ್ಯಾನು ನಿಲ್ಲಿಸಿದೆ. ಟಿ.ವಿ. ಮುಂದೆ ಕೂತಿದ್ದ ಯಜಮಾನರು ಗೊಣಗಿಕೊಂಡೇ ಎದ್ದು ಬಂದರು. ದೇವರ ಮನೆಯಿಂದ ಒಂದು ಹಣತೆ ತಂದು ಕಿಟಕಿಯಲ್ಲಿಟ್ಟು, ಬಾಗಿಲ ಹೊರಗಿನ ಕಲ್ಲುಮೆಟ್ಟಿಲ ಮೇಲೆ ಇಬ್ಬರೂ ಬೀಸಣಿಗೆ ಹಿಡಿದು ಕೂತೆವು. 2007ರ ಮಾರ್ಚ್ 31ರಂದು ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ಆರಂಭವಾದ ‘ಅರ್ಥ್ ಅವರ್’ ಎಂಬ ಆಚರಣೆ ಅದು. ಭೂಮಿ ಬಿಸಿಯಾಗುತ್ತಿರುವುದನ್ನು ನೆನಪಿಸಲು ವರ್ಷಕ್ಕೊಂದು ರಾತ್ರಿ ಒಂದು ಗಂಟೆ ಕಾಲ ದೀಪ ಆರಿಸುವುದು. ಶಾಲೆಯಲ್ಲಿ ಮಕ್ಕಳಿಗೆ ಹೇಳಿ ಬಂದಿದ್ದೆ. ಹೇಳಿದ ಮೇಲೆ ನಾವೇ ಮಾಡದಿದ್ದರೆ ಹೇಗೆ?

ಹತ್ತು ನಿಮಿಷ ಕಳೆದಿರಬೇಕು. ಎದುರು ಮನೆಯಾಕೆ ಗೇಟಿನ ಬಳಿ ಬಂದು ಟಾರ್ಚ್ ಬಿಟ್ಟರು.

“ಏನ್ರೀ ಟೀಚರ್, ನಿಮ್ಮನೇಲಿ ಮಾತ್ರ ಕರೆಂಟ್ ಹೋಗಿದ್ಯಾ? ಫ್ಯೂಸ್ ಹೋಗಿರ್ಬೇಕು ನೋಡಿ. ನಮ್ಮ ಹುಡುಗನ್ನ ಕಳಿಸ್ಲಾ?”

ಫ್ಯೂಸ್ ಅಲ್ಲ, ನಾವೇ ಆರಿಸಿದ್ದು ಎಂದೆ. ಯಾಕೆ ಎಂದರು. ವಿವರಿಸಿದೆ. ಆಕೆ ಸಾವಧಾನವಾಗಿ ಕೇಳಿಸಿಕೊಂಡು, “ಅರ್ಥ ಅವರ್ರಾ? ನೀವು ಹೇಳದಿದ್ರೆ ಅರ್ಥಾನೇ ಆಗ್ತಿರ್ಲಿಲ್ಲ ಬಿಡಿ” ಎಂದು ನಕ್ಕು, “ದೀಪ ಹಚ್ಚೋ ಹೊತ್ತಲ್ಲಿ ಹೀಗೆ ಕತ್ತಲಲ್ಲಿ ಕೂರಬಾರದಪ್ಪ” ಎಂದು ಸೇರಿಸಿ ಹೊರಟುಹೋದರು. ಯಜಮಾನರು ನಕ್ಕ ಸದ್ದು ಕತ್ತಲಲ್ಲೂ ಕೇಳಿಸಿತು.

ನನಗೆ ನಗು ಬರಲಿಲ್ಲ. ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು? ನಮ್ಮ ಮನೆಗಳಲ್ಲಿ ದೀಪ ‘ಆರಿತು’ ಎಂದು ಬಾಯಿತಪ್ಪಿಯೂ ಅನ್ನುತ್ತಿರಲಿಲ್ಲ. ‘ಶಾಂತವಾಯಿತು’ ಎನ್ನಬೇಕು. ಮುಸ್ಸಂಜೆಯಲ್ಲಿ ದೀಪ ಹಚ್ಚುವುದು ನಮಗೆ ಸಂಕೇತ, ಆರಿಸುವುದಲ್ಲ. ಅದೂ ಎಂಥ ಊರಿನಲ್ಲಿ! ನಮ್ಮ ಬಡಾವಣೆಯಿಂದ ನಡೆದುಹೋಗುವಷ್ಟು ದೂರದ ಸಿಟಿ ಮಾರ್ಕೆಟ್ಟಿನಲ್ಲಿ 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪ ಹೊತ್ತಿದ್ದನ್ನು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುವ ಊರಿದು. ಲೋಡ್ ಶೆಡ್ಡಿಂಗಿನಲ್ಲಿ ಮಕ್ಕಳನ್ನು ಓದಿಸಿದ ನಮ್ಮಂಥವರಿಗೆ ಕತ್ತಲು ಹೊಸ ಸುದ್ದಿಯನ್ನೇನೂ ಹೇಳುವುದಿಲ್ಲ. ಅದು ಬೆಸ್ಕಾಂ ಕಚೇರಿಯ ಫೋನ್ ನಂಬರನ್ನು ನೆನಪಿಸುತ್ತದೆ, ಅಷ್ಟೆ.

ಉಳಿದ ಐವತ್ತು ನಿಮಿಷ ನಾನು ಇದನ್ನೇ ಯೋಚಿಸುತ್ತಾ ಕೂತೆ. ಸಾರ್ವಜನಿಕವಾಗಿ ಮಾಡುವ ಸಾಂಕೇತಿಕ ಕೆಲಸಗಳಿಂದ ನಿಜಕ್ಕೂ ಯಾರಿಗಾದರೂ ಅರಿವು ಮೂಡುತ್ತದೆಯೇ? ಮೂಡುವುದಾದರೆ ಯಾವಾಗ? ಇತಿಹಾಸ ಪಾಠ ಮಾಡಿ ಹೊಟ್ಟೆ ಹೊರೆಯುವವಳು ನಾನು, ಪ್ರಶ್ನೆ ಎದ್ದರೆ ಹಿಂದಕ್ಕೆ ತಿರುಗಿ ನೋಡುವುದೇ ಅಭ್ಯಾಸ.

ಸಂಕೇತವೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಉಪ್ಪು. 1930ರ ಏಪ್ರಿಲ್ 13ರಂದು ನಮ್ಮ ಅಂಕೋಲೆಯ ಕಡಲತೀರದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪು ತಯಾರಿಸಿ ಕಾನೂನು ಮುರಿದರು. ಆ ಚಿಟಿಕೆ ಉಪ್ಪಿನಿಂದ ಸರ್ಕಾರದ ಬೊಕ್ಕಸಕ್ಕೆ ಏನೂ ನಷ್ಟವಾಗಲಿಲ್ಲ. ಆದರೆ ಅದರ ಅರ್ಥವನ್ನು ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ದಿನಾ ಬೇಳೆಗೆ ಉಪ್ಪು ಹಾಕುವ ಹೆಂಗಸಿಗೆ ಉಪ್ಪಿನ ಮೇಲಿನ ಸುಂಕ ಏನೆಂದು ಬ್ಯಾರಿಸ್ಟರರಿಗಿಂತ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಪ್ರಸಂಗ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದರು. ಹೆಂಡದಿಂದ ಹಾಳಾಗುತ್ತಿದ್ದ ಸಂಸಾರಗಳ ಪರವಾಗಿ, ಹೆಂಡದಿಂದ ತುಂಬುತ್ತಿದ್ದ ಸರ್ಕಾರದ ಬೊಕ್ಕಸದ ವಿರುದ್ಧ ನಡೆದ ಚಳವಳಿಯದು. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರೂ ಅದರಲ್ಲಿ ಭಾಗಿಯಾಗಿದ್ದರು. ಮರ ಕಡಿಯುವುದೇ ಸತ್ಯಾಗ್ರಹ! ಅದಾದ ನಲವತ್ತನಾಲ್ಕು ವರ್ಷಕ್ಕೆ ಇದೇ ಕರ್ನಾಟಕದಲ್ಲಿ ಮರವನ್ನು ಅಪ್ಪಿಕೊಳ್ಳುವುದು ಸತ್ಯಾಗ್ರಹವಾಯಿತು. ಎರಡನ್ನೂ ಜನ ಸರಿಯಾಗಿಯೇ ಓದಿಕೊಂಡರು. ಹಾಗಾದರೆ ಸಂಕೇತದ ಅರ್ಥ ಮರದಲ್ಲಿ ಇಲ್ಲ. ಆ ಮರದ ಬುಡದಲ್ಲಿ ಯಾರ ಬದುಕು ಸಿಕ್ಕಿಕೊಂಡಿದೆ ಎಂಬುದರಲ್ಲಿದೆ.

ಅಪ್ಪಿಕೋ ಚಳವಳಿಯ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ, ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 160 ಮಂದಿ, ಐದು ಮೈಲಿ ನಡೆದು ಕಳಸೆಯ ಕಾಡಿಗೆ ಹೋದರು. ಅಲ್ಲಿ ಕೊಡಲಿಗಳು ಕೆಲಸ ಮಾಡುತ್ತಿದ್ದವು. ಇವರು ಹೋಗಿ ಮರಗಳನ್ನು ತಬ್ಬಿಕೊಂಡು ನಿಂತರು. ಉತ್ತರದ ಗಢವಾಲದಲ್ಲಿ 1974ರಲ್ಲಿ ರೇಣಿ ಗ್ರಾಮದ ಗೌರಾದೇವಿ ಮತ್ತು ಸಂಗಡಿಗರು ನಡೆಸಿದ ಚಿಪ್ಕೋ ಅವರ ಕಣ್ಣ ಮುಂದಿತ್ತು. ಪಾಂಡುರಂಗ ಹೆಗಡೆಯವರಂಥವರು ಊರೂರು ಅಲೆದು ಸಂಘಟಿಸಿದರು. ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತು ಘೋಷಣೆಯಾಯಿತು.

ಈ ಕಥೆ ಹೇಳುವಾಗ ನಾವೆಲ್ಲರೂ ತಬ್ಬಿಕೊಂಡ ಚಿತ್ರಕ್ಕೇ ನಿಂತುಬಿಡುತ್ತೇವೆ. ನಾನೂ ವರ್ಷಗಟ್ಟಲೆ ತರಗತಿಯಲ್ಲಿ ಹಾಗೇ ಹೇಳಿದೆ. ಮಕ್ಕಳನ್ನು ಶಾಲೆಯ ಹೊಂಗೆಮರದ ಸುತ್ತ ನಿಲ್ಲಿಸಿ ಅಪ್ಪಿಕೋ ಆಡಿಸಿದ್ದೂ ಉಂಟು. ಆದರೆ ಆ ಚಳವಳಿ ನಡೆದದ್ದು ಒಂದು ಗಂಟೆಯಲ್ಲ, ಒಂದು ದಿನವೂ ಅಲ್ಲ. ಮೂವತ್ತೆಂಟು ದಿನ! ಮಲೆನಾಡಿನ ಸೆಪ್ಟೆಂಬರ್ ತಿಂಗಳು, ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಉಂಬಳದ ಕಾಟ ಬೇರೆ. ಕಡಿಯುವ ಆಜ್ಞೆ ವಾಪಸಾಗುವವರೆಗೆ ಜನ ಬಿಡಲಿಲ್ಲ. ಮೂವತ್ತೆಂಟು ದಿನ ಗಂಡಸರು ಹೆಂಗಸರು ಕಾಡಿನಲ್ಲಿದ್ದರೆ ಮನೆಯಲ್ಲಿ ಹಾಲು ಕರೆದವರು ಯಾರು, ಬುತ್ತಿ ಕಟ್ಟಿದವರು ಯಾರು, ಜ್ವರ ಬಂದ ಮಗುವನ್ನು ನೋಡಿಕೊಂಡವರು ಯಾರು? ಅವರ ಹೆಸರು ನಾನು ಓದಿದ ಪುಸ್ತಕಗಳಲ್ಲೆಲ್ಲೂ ಸಿಕ್ಕಿಲ್ಲ. ಇತಿಹಾಸಕ್ಕೆ ಅಪ್ಪಿಕೊಂಡವರು ಕಾಣುತ್ತಾರೆ, ಅಡಿಗೆ ಮಾಡಿದವರು ಕಾಣುವುದಿಲ್ಲ. ಇರಲಿ, ಅದು ಬೇರೆಯದೇ ಪ್ರಬಂಧ.

ಅದಾಗಿ ನಾಲ್ಕು ವರ್ಷಕ್ಕೆ, 1987ರ ನವೆಂಬರ್ 14ರಂದು, ಆಗಿನ ಅವಿಭಜಿತ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ನಡೆಯಿತು. ದನ ಮೇಯಿಸುವ, ಸೌದೆ ಆಯುವ ಊರೊಟ್ಟಿನ ಜಮೀನನ್ನೆಲ್ಲ ಸೇರಿಸಿ, ಸುಮಾರು 75,000 ಎಕರೆ, ನೀಲಗಿರಿ ಬೆಳೆಯಲೆಂದು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಸರ್ಕಾರ ಗೊತ್ತುಮಾಡಿತ್ತು. ಸರ್ಕಾರದ ಅರಣ್ಯ ನಿಗಮ ಮತ್ತು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಕೂಡಿ ಮಾಡಿಕೊಂಡ ಕಂಪನಿಯದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರೊಂದಿಗೆ ಸೇರಿದ ಜನ ಆವತ್ತು ಕಿತ್ತದ್ದು ಸುಮಾರು ನೂರೇ ನೂರು ನೀಲಗಿರಿ ಸಸಿ. ಕಿತ್ತ ಜಾಗದಲ್ಲಿ ಹಣ್ಣಿನ, ಮೇವಿನ ಗಿಡ ನೆಟ್ಟರು. ಎಪ್ಪತ್ತೈದು ಸಾವಿರ ಎಕರೆಗೆ ನೂರು ಸಸಿ ಯಾವ ಲೆಕ್ಕ? ಆದರೆ ಅದರ ಜೊತೆಗೇ ಸುಪ್ರೀಂ ಕೋರ್ಟಿನ ಮೊಕದ್ದಮೆ ಇತ್ತು, ಹಳ್ಳಿಹಳ್ಳಿಯ ಸಭೆಗಳಿದ್ದವು, ಸಹಿ ಸಂಗ್ರಹವಿತ್ತು. 1991ರಲ್ಲಿ ಆ ಕಂಪನಿ ಮುಚ್ಚಿತು.

ಇವೆರಡನ್ನೂ ಓದುತ್ತಾ ಹೋದಂತೆ ನನಗೆ ಒಂದು ವಿಷಯ ಹೊಳೆಯಿತು. ಸಾಲ್ಕಣಿಯವರಾಗಲಿ ಕುಸನೂರಿನವರಾಗಲಿ ಯಾರಿಗೂ ‘ಅರಿವು ಮೂಡಿಸಲು’ ಹೊರಟವರಲ್ಲ. ಸೊಪ್ಪು, ಸೌದೆ, ಒರತೆಯ ನೀರು, ದನದ ಮೇವು ಉಳಿಸಿಕೊಳ್ಳಲು ಹೊರಟವರು. ನಮಗೆ ಮೂಡಿದ ಅರಿವು ಅವರ ಕೆಲಸದ ಜೊತೆಗೆ ಬಂದದ್ದು, ಮಜ್ಜಿಗೆ ಕಡೆಯುವಾಗ ಬೆಣ್ಣೆ ಬಂದ ಹಾಗೆ. ನಾವು ಪಟ್ಟಣದವರು ಬೆಣ್ಣೆಯನ್ನೇ ನೇರವಾಗಿ ಕಡೆಯಲು ಕೂರುತ್ತೇವೆ.

ಹೀಗೆಂದ ಮಾತ್ರಕ್ಕೆ ಪಟ್ಟಣದವರ ಕಷ್ಟ ಕಡಿಮೆಯೆಂದಲ್ಲ. ನನ್ನ ಅನುಭವವನ್ನೇ ಹೇಳಬೇಕು.

ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿದ್ದೇ ಒಂದು ಭಯದಿಂದ. 1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಬೇಕೆಂದು ಅಗಲವಾದ ರಸ್ತೆಗಳ ಈ ಬಡಾವಣೆಗಳನ್ನು ಮಾಡಿದರು. ಚಾಮರಾಜಪೇಟೆ ಅದಕ್ಕಿಂತ ಆರು ವರ್ಷ ಹಿಂದಿನದು. ರಸ್ತೆಗೆ ಮರ ಎಂಬುದು ಇಲ್ಲಿ ಅಲಂಕಾರವಾಗಿರಲಿಲ್ಲ, ಆರೋಗ್ಯದ ಏರ್ಪಾಡಿನ ಭಾಗ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕೃಂಬಿಗಲ್ ಸಾಹೇಬರು ವರ್ಷದ ಎಲ್ಲ ಕಾಲದಲ್ಲೂ ಒಂದಲ್ಲ ಒಂದು ಬೀದಿ ಹೂ ಬಿಟ್ಟಿರುವಂತೆ ಮರಗಳನ್ನು ಆರಿಸಿ ಹಾಕಿಸಿದರು. ಅಂಥ ಬೀದಿಗಳಲ್ಲಿ ನಡೆದು ಬೆಳೆದವರು ನಾವು.

2009ರ ಏಪ್ರಿಲ್‌ನಲ್ಲಿ ಮೆಟ್ರೋ ರೈಲು ಮಾರ್ಗಕ್ಕಾಗಿ ಲಾಲ್‌ಬಾಗಿನ ಗೋಡೆ ಒಡೆದರು. ಲಕ್ಷ್ಮಣರಾವ್ ಉದ್ಯಾನದ ಕಡೆಯ ಸಾಲುಮರಗಳಿಗೂ ಕತ್ತರಿ ಬಿತ್ತು. ಹಸಿರು ಉಸಿರು ಬಳಗದವರು, ಕಾಲೇಜು ಹುಡುಗರು, ಬೆಳಗಿನ ವಾಕಿಂಗಿನ ಹಿರಿಯರು ಕೈಕೈ ಹಿಡಿದು ನಿಂತರು. ನಮಗೆ ಬೇಸಿಗೆ ರಜೆ. ನಾನು ಹೊರಟಾಗ ಅತ್ತೆಯವರು, “ನಾನೂ ಬರ್ತೀನಿ ಕಣೇ” ಎಂದರು. ಆಗವರಿಗೆ ಎಪ್ಪತ್ತು ದಾಟಿತ್ತು. ಬೇಡವೆಂದರೆ ಕೇಳುವವರಲ್ಲ.

ಅಲ್ಲಿ ಯಾರೋ ಹುಡುಗಿ ನಮ್ಮ ಕೈಗೆ ಫಲಕ ಕೊಟ್ಟಳು. ನಾನು ಹಿಡಿದುಕೊಂಡೆ. ಅತ್ತೆ ಫಲಕ ಬೇಡವೆಂದರು. ಸೆರಗಿನಲ್ಲಿ ಕಟ್ಟಿ ತಂದಿದ್ದ ಪುಟ್ಟ ಭರಣಿ ತೆಗೆದು, ಒಂದು ಮರದ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಚಪ್ಪಲಿ ಬಿಟ್ಟು ಮೂರು ಪ್ರದಕ್ಷಿಣೆ ಬಂದರು. ಅದು ಅಶ್ವತ್ಥವೂ ಅಲ್ಲ, ಆಲವೂ ಅಲ್ಲ, ಯಾವುದೋ ಮಳೆಮರ. ಹಗ್ಗ ಹಿಡಿದು ನಿಂತಿದ್ದ ಕೂಲಿಯ ಹುಡುಗ ಹಗ್ಗ ಕೆಳಗಿಟ್ಟು, ಅವರು ಮುಗಿಸುವವರೆಗೆ ತಲೆಗೆ ಸುತ್ತಿದ್ದ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ನಮ್ಮ ಫಲಕಗಳ ಮೇಲೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಏನೇನೋ ಬರೆದಿತ್ತು, ಅವನು ಅದನ್ನು ನೋಡಲಿಲ್ಲ. ಅತ್ತೆ ಮಾಡಿದ್ದು ಮಾತ್ರ ಅವನಿಗೆ ಓದಲು ಬಂತು.

ಆ ದಿನ ಆ ಮರ ಉಳಿಯಿತು. ಆಮೇಲೆ ಹೋಯಿತು. ಎಷ್ಟನೇ ದಿನಕ್ಕೆ ಹೋಯಿತೋ ನಾನು ನೋಡಲು ಹೋಗಲಿಲ್ಲ. ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನಾವು ಒಂದು ಬೆಳಿಗ್ಗೆ ಹೋಗಿದ್ದೆವು. ಮನೆಗೆ ಬಂದು ಹುಳಿ ಕುದಿಸಿದೆವು.

2017ರ ಜೂನ್‌ನಲ್ಲಿ ಆ ಹಾದಿಯಲ್ಲಿ ರೈಲು ಓಡಿತು. ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಎಂದು ನಿಲ್ದಾಣಗಳು ಬಂದವು. ನಾನು ಪಾಠ ಮಾಡುವುದು ಮಲ್ಲೇಶ್ವರದಲ್ಲಿ. ಅಲ್ಲಿಯವರೆಗೆ ಬಸ್ಸಿನಲ್ಲಿ ಜೋತು ಬಿದ್ದು ಸುಸ್ತಾಗುತ್ತಿದ್ದವಳು ಮರುತಿಂಗಳಿಂದಲೇ ಮೆಟ್ರೋ ಕಾರ್ಡು ಮಾಡಿಸಿದೆ. ಅತ್ತೆಯವರನ್ನೂ ಒಮ್ಮೆ ಕೂರಿಸಿಕೊಂಡು ಜಯನಗರಕ್ಕೆ ಹೋದೆ. ಲಾಲ್‌ಬಾಗಿನ ಹತ್ತಿರ ಗಾಡಿ ನಿಧಾನವಾದಾಗ ಅವರು ಗಾಜಿಗೆ ಹಣೆ ತಾಗಿಸಿ ಕೆಳಗೆ ನೋಡಿದರು. “ಇಲ್ಲೇ ಎಲ್ಲೋ ಅಲ್ವೇನೆ ಆ ಮರ ಇದ್ದದ್ದು?” ಎಂದರು. ಹೌದು ಅತ್ತೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು, “ಗಾಡಿ ಚೆನ್ನಾಗಿದೆ ಬಿಡು, ಮಂಡಿ ನೋವಿನೋರಿಗೆ ಅನುಕೂಲ” ಎಂದರು. ಎರಡು ಮಾತೂ ಅವರ ಮನಸ್ಸಿನಿಂದಲೇ ಬಂದವು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ನೀವು ಮೆಟ್ರೋ ಬೇಡ ಅಂತ ನಿಂತಿದ್ರಿ. ಈಗ ದಿನಾ ಮೆಟ್ರೋದಲ್ಲೇ ಬರ್ತೀರಲ್ಲ? ಮೆಟ್ರೋದಿಂದ ಹೊಗೆ ಕಡಿಮೆಯಾಗುತ್ತೆ ಅಂತ ನೀವೇ ನೋಟ್ಸ್ ಕೊಟ್ಟಿದ್ದೀರಿ” ಎಂದಳು. ಮೆಟ್ರೋ ಬೇಡ ಎಂದಲ್ಲ, ಮರಗಳನ್ನು ಬಿಟ್ಟು ಬೇರೆ ದಾರಿ ನೋಡಿ ಎಂದದ್ದು ಎಂದು ಏನೋ ಹೇಳಿದೆ. ಹುಡುಗಿ ಸರಿ ಮಿಸ್ ಎಂದು ಕೂತಳು. ಆದರೆ ಅವಳು ಕೇಳಿದ್ದು ಅಷ್ಟಕ್ಕೇ ಮುಗಿಯುವ ಪ್ರಶ್ನೆಯಲ್ಲ. ಶಿವರಾಮ ಕಾರಂತರು ಎಂಬತ್ತು ದಾಟಿದ ವಯಸ್ಸಿನಲ್ಲಿ, 1989ರಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಗೆಲ್ಲಲೆಂದು ನಿಂತವರಲ್ಲ, ಸೋತರು. ಕಾಡಿನ ಬಗ್ಗೆ, ಜನರ ಬಗ್ಗೆ ಅವರು ಎತ್ತಿದ ಪ್ರಶ್ನೆ ಇಂದಿಗೂ ಸುಳ್ಳಾಗಿಲ್ಲ. ಆದರೆ ಅದೇ ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ ಕೊನೆಯವರೆಗೆ ಸತತ 962 ದಿನ ಓಡಿ ದಾಖಲೆ ಮಾಡಿತು. ಕಲ್ಲಿದ್ದಲಿನ ಹೊಗೆಯಿಲ್ಲದ ವಿದ್ಯುತ್ತು ಎಂದು ಇಂದು ಅದನ್ನು ಹೊಗಳುವವರೂ ಪರಿಸರದ ಹೆಸರನ್ನೇ ಹೇಳುತ್ತಾರೆ. ಮರದ ಲೆಕ್ಕ ಒಂದು, ಹೊಗೆಯ ಲೆಕ್ಕ ಇನ್ನೊಂದು. ಎರಡೂ ಯಾವಾಗಲೂ ಒಂದೇ ಉತ್ತರ ಕೊಡುವುದಿಲ್ಲ. ಫಲಕದ ಮೇಲೆ ಇಷ್ಟೆಲ್ಲ ಬರೆಯಲು ಜಾಗವೆಲ್ಲಿದೆ?

ಗೆದ್ದ ಉದಾಹರಣೆಗಳೂ ಇವೆ, ಇಲ್ಲವೆನ್ನಬಾರದು. 2016ರ ಅಕ್ಟೋಬರ್ 16ರ ಭಾನುವಾರ ಉಕ್ಕಿನ ಮೇಲ್ಸೇತುವೆಯ ವಿರುದ್ಧ ಸಾವಿರಾರು ಜನ ಮಾನವ ಸರಪಳಿ ಮಾಡಿದರು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಆ ಸೇತುವೆಗೆ 812 ಮರಗಳು ಬಲಿಯಾಗಬೇಕಿತ್ತು. ‘ಬೇಡ’ ಎಂಬ ಒಂದೇ ಕನ್ನಡ ಪದ ಇಂಗ್ಲಿಷ್ ಮಾತಾಡುವವರ ಬಾಯಲ್ಲೂ ಕುಣಿಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮಲ್ಲೇಶ್ವರದ ಸ್ಯಾಂಕಿ ಕೆರೆಯ ರಸ್ತೆಯ ಮೇಲ್ಸೇತುವೆಗಾಗಿ ಮರ ಕಡಿಯುವ ಮಾತು ಬಂದಾಗ 2023ರ ಫೆಬ್ರವರಿಯಲ್ಲಿ ಅಲ್ಲಿನ ಮಕ್ಕಳು ಮುದುಕರು ಮೌನವಾಗಿ ನಡೆದರು. ಸುಮ್ಮನೆ ನಡೆದದ್ದಕ್ಕೂ ಪೊಲೀಸರು ಮೊಕದ್ದಮೆ ಹಾಕಿದರು. ಆ ಮೇಲ್ಸೇತುವೆ ಈವರೆಗೆ ಎದ್ದಿಲ್ಲ. ಇಲ್ಲೆಲ್ಲ ನಡೆದವರ ಹಿಂದೆ ಅರ್ಜಿ ಬರೆದವರು, ಕೋರ್ಟಿಗೆ ಅಲೆದವರು ಇದ್ದರು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ತಿದ್ದುಪಡಿಯ ಪ್ರಕಾರ ಐವತ್ತಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಹಾಗೆ ಕೇಳಿದಾಗ ಒಂದು ಹಾಳೆ ತೆಗೆದುಕೊಂಡು ಬರೆದು ಕಳಿಸುವುದು ಮಾನವ ಸರಪಳಿಯಷ್ಟು ಚೆಂದ ಕಾಣುವುದಿಲ್ಲ, ಫೋಟೋ ಬರುವುದಿಲ್ಲ.

ಮರಕ್ಕಾದರೆ ಕೊಡಲಿ ಹಿಡಿದವನೊಬ್ಬ ಎದುರಿಗೆ ಬರುತ್ತಾನೆ, ಅವನ ಮುಂದೆ ನಿಲ್ಲಬಹುದು. ಬಿಸಿಯೇರುವ ಭೂಮಿಗೆ ಅಂಥವನು ಯಾರು? ಯಾವ ಗೇಟಿನ ಮುಂದೆ ನಿಲ್ಲುವುದು? 2018ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಹದಿನೈದರ ಹುಡುಗಿ ಗ್ರೇಟಾ ಥನ್‌ಬರ್ಗ್ ಶಾಲೆ ಬಿಟ್ಟು ಸಂಸತ್ತಿನ ಮುಂದೆ ಕೂತಾಗ, ಅವಳು ಮಾಡಿದ್ದು ಈ ಗೇಟನ್ನು ಹುಡುಕುವ ಕೆಲಸ. ನಮ್ಮೂರಿನಲ್ಲೂ ಮಕ್ಕಳು ಶುಕ್ರವಾರಗಳಂದು ಫಲಕ ಹಿಡಿದರು. ಅವರಲ್ಲಿ ಮುಂದಾಳಾಗಿದ್ದ ಬೆಂಗಳೂರಿನ ದಿಶಾ ರವಿಯನ್ನು 2021ರ ಫೆಬ್ರವರಿ 13ರಂದು ರೈತ ಚಳವಳಿಯ ಕುರಿತ ಒಂದು ಕಡತದ ಸಂಬಂಧವಾಗಿ ದೆಹಲಿ ಪೊಲೀಸರು ಬಂಧಿಸಿದರು. ಹತ್ತು ದಿನಕ್ಕೆ ಜಾಮೀನಾಯಿತು. ಆ ಹತ್ತು ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳ ತಾಯಂದಿರೆಲ್ಲ ಮಕ್ಕಳಿಗೆ ಫೋನು ಮಾಡಿ ಗದರಿದ್ದನ್ನು ನಾನು ಕೇಳಿದ್ದೇನೆ. ಸಂಕೇತವೆಂದರೆ ಪುಕ್ಕಟೆಯಲ್ಲ ಎಂಬುದು ಆಗ ನಮ್ಮ ಮನೆಯೊಳಗೂ ತಿಳಿಯಿತು.

ನಮ್ಮ ಭಾಷೆಯಲ್ಲೂ ಒಂದು ತೊಡಕಿದೆ. ಭೂಗೋಳದ ಪಾಠದಲ್ಲಿ ದಿನದಿನಕ್ಕೆ ಬದಲಾಗುವುದು ಹವಾಮಾನ, ಬಹುಕಾಲ ನಿಲ್ಲುವುದು ವಾಯುಗುಣ ಎಂದು ಕಲಿಸುತ್ತೇವೆ. ಪತ್ರಿಕೆ ತೆರೆದರೆ ‘ಹವಾಮಾನ ಬದಲಾವಣೆಯಿಂದ ಆತಂಕ’ ಎಂದಿರುತ್ತದೆ. ಹವಾಮಾನ ಬದಲಾಗದೆ ಇನ್ನೇನು ಮಾಡುತ್ತದೆ? ರೇಡಿಯೋದಲ್ಲಿ ನಿತ್ಯ ಹೇಳುವುದೇ ಅದನ್ನಲ್ಲವೆ? ಬದಲಾಗುತ್ತಿರುವುದು ವಾಯುಗುಣ ಎಂದು ಸರಿಯಾಗಿ ಹೇಳಿದರೆ ಎದುರು ಮನೆಯಾಕೆಗೆ ವಾಯುಪ್ರಕೋಪ ನೆನಪಾಗುತ್ತದೆ, ಓಮದ ಕಷಾಯ ಹೇಳುತ್ತಾರೆ.

ಇನ್ನು ನಮ್ಮ ಶಾಲೆಗಳ ಪರಿಸರ ದಿನ. 1973ರಿಂದ ಜಗತ್ತು ಜೂನ್ 5ರಂದು ಆಚರಿಸುವ ದಿನ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಪ್ರತಿವರ್ಷ ಒಬ್ಬ ಅತಿಥಿ ಬಂದು ಗಿಡ ನೆಡುತ್ತಿದ್ದರು. ನಾಲ್ಕು ವರ್ಷವೂ ಅದೇ ಗುಂಡಿ. ಮಾರ್ಚ್ ಹೊತ್ತಿಗೆ ಗಿಡ ಒಣಗಿರುತ್ತಿತ್ತು, ಜೂನ್‌ಗೆ ಗುಂಡಿ ತಯಾರು. ಐದನೇ ವರ್ಷ ಒಬ್ಬ ಹುಡುಗ, “ಮಿಸ್, ಈ ಸಲ ಗುಂಡಿಗೇ ಪೂಜೆ ಮಾಡೋಣವಾ?” ಎಂದ. ನಾನು ಗದರಿದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದು ನಾನೇ, ಬೇಸಿಗೆಯಲ್ಲಿ ಒಂದು ಬಕೆಟ್ ನೀರು ಹಾಕಿಸದಿದ್ದವಳೂ ನಾನೇ. ಆ ಮಕ್ಕಳಿಗೆ ನಾವು ಮೂಡಿಸಿದ ಅರಿವು ಏನೆಂದರೆ, ಪರಿಸರ ಎಂಬುದು ದೊಡ್ಡವರು ಆಡುವ ಒಂದು ನಾಟಕ ಎಂದು. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ 385 ಆಲದ ಮರ ಬೆಳೆಸಿ 2025ರ ನವೆಂಬರ್‌ನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನ ಪಾಠವನ್ನೂ ನಾವೇ ಮಾಡುತ್ತಿದ್ದೆವು! ಆಕೆ ಮೊದಲ ಸಸಿಗೆ ಕೊಡದಲ್ಲಿ ನೀರು ಹೊತ್ತಾಗ ಅಲ್ಲಿ ಚಪ್ಪಾಳೆ ಹೊಡೆಯಲು ಯಾರೂ ಇರಲಿಲ್ಲ. ಸಂಕೇತವಾದದ್ದು ಮರಗಳು ನೆರಳು ಕೊಟ್ಟ ಮೇಲೆ.

ಇಷ್ಟೆಲ್ಲ ತಲೆಯಲ್ಲಿ ತಿರುಗಿದ ಆ ರಾತ್ರಿಗೇ ಬರುತ್ತೇನೆ. 2024ರ ಆ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ನಮ್ಮ ಬೀದಿಯಲ್ಲಿ ಟ್ಯಾಂಕರಿನ ಸದ್ದು ಕೇಳಿದರೆ ಸಾಕು, ಹೆಂಗಸರು ಬಾಗಿಲಿಗೆ ಬರುತ್ತಿದ್ದೆವು. ಅಂಥ ಬೇಗೆಯಲ್ಲಿ ನಾನು ದೀಪ ಆರಿಸಿ ಕೂತು ಯಾರಿಗೆ ಏನು ಹೇಳಹೊರಟಿದ್ದೆ? ಎಲ್ಲರ ಚಿಂತೆ ನೀರಿನದು. ಅದರ ಬಗ್ಗೆ ನನ್ನ ಕತ್ತಲೆ ಒಂದು ಮಾತನ್ನೂ ಆಡಲಿಲ್ಲ.

ಏಪ್ರಿಲ್ ರಜೆಯಲ್ಲಿ ಬೀದಿಯ ನಾಲ್ಕೈದು ಮಕ್ಕಳನ್ನು ಸೇರಿಸಿದೆ. ಒಂದು ದೊಡ್ಡ ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ, ತಲೆಕೆಳಗಾಗಿ ಅದರೊಳಗೇ ಕೂರಿಸಿ, ತಳಕ್ಕೆ ಬೆಣಚುಕಲ್ಲು ಹಾಕಿ, ಸೊನ್ನೆಯವರೆಗೆ ನೀರು ತುಂಬಿ, ಹತ್ತು ಸೆಂಟಿಮೀಟರಿನ ಅಳತೆಪಟ್ಟಿ ಅಂಟಿಸಿ ಮಳೆಮಾಪಕ ಮಾಡಿದೆವು. ನೆರಳಿನಲ್ಲಿ ಒಂದು ಥರ್ಮಾಮೀಟರು ತೂಗುಹಾಕಿದೆವು. ಗೇಟಿಗೆ, ನಾನು ದಿನಾ ರಂಗೋಲಿ ಹಾಕುವ ಜಾಗದ ಮೇಲೆ, ಹಳೆಯ ಕಪ್ಪುಹಲಗೆ ತಗುಲಿಸಿ ದಿನಾ ಎರಡು ಸಾಲು: ಇಂದಿನ ಬಿಸಿ ಇಷ್ಟು, ಮಳೆ ಇಷ್ಟು.

ಮಳೆ: 0. ಮರುದಿನವೂ 0. ಆ ಏಪ್ರಿಲ್‌ನಲ್ಲಿ ಬೆಂಗಳೂರು ನಗರಕ್ಕೆ ಒಂದು ಹನಿ ಮಳೆ ದಾಖಲಾಗಲಿಲ್ಲ. 1983ರ ನಂತರ, ಅಂದರೆ ಅಪ್ಪಿಕೋ ನಡೆದ ವರ್ಷದ ನಂತರ, ಏಪ್ರಿಲ್ ಹೀಗೆ ಒಣಗಿದ್ದು ಅದೇ ಮೊದಲು ಎಂದು ಪತ್ರಿಕೆಗಳು ಬರೆದವು. 28ರಂದು ಹವಾಮಾನ ಇಲಾಖೆಯ ಮಾಪಕದಲ್ಲಿ 38.5 ಡಿಗ್ರಿ. ಮಕ್ಕಳಿಗೆ ಸೊನ್ನೆ ಬರೆದು ಬರೆದು ಬೇಜಾರಾಗಿ, ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಹೊಸ ಸೊನ್ನೆ ಬರೆಯತೊಡಗಿದರು. ಹಲಗೆಯ ಉದ್ದಕ್ಕೂ ಸೊನ್ನೆಗಳ ಸಾಲು. ಹಾಲಿನವನು ನಿಂತು ನೋಡುತ್ತಿದ್ದ. ತರಕಾರಿ ಗಾಡಿಯಾಕೆ ಎಣಿಸಿ, “ಇಪ್ಪತ್ಮೂರಾಯ್ತಲ್ಲಮ್ಮ” ಎಂದಳು. ಬೆಳಗಿನ ವಾಕಿಂಗಿನ ಹಿರಿಯರೊಬ್ಬರು ತಮ್ಮ ಚಿಕ್ಕಂದಿನಲ್ಲಿ ಬೆಂಗಳೂರಿನ ಮನೆಗಳಲ್ಲಿ ಫ್ಯಾನೇ ಇರಲಿಲ್ಲ ಎಂದು ಮಕ್ಕಳಿಗೆ ಅರ್ಧ ಗಂಟೆ ಹೇಳಿದರು. ಮಾವಿನ ಮಳೆ ಎಂದರೇನು ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ.

ಮೇ ತಿಂಗಳಲ್ಲಿ ಅಂಕಿಗಳು ಬಂದವು. ಜೂನ್ 2, ಭಾನುವಾರ ಸಂಜೆ ಮಳೆ ಶುರುವಾಯಿತು. ನೂರಾರು ಮರಗಳು ಉರುಳಿದ ಸಂಜೆಯದು, ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಗರದಲ್ಲಿ 111.1 ಮಿಲಿಮೀಟರ್. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ 1891ರಿಂದ ನಿಂತಿದ್ದ 101.6ರ ದಾಖಲೆ ಮುರಿಯಿತು.

ಸೋಮವಾರ ಬೆಳಿಗ್ಗೆ ಮಕ್ಕಳು ಶಾಲೆಯ ಸಮವಸ್ತ್ರದಲ್ಲೇ ಓಡಿ ಬಂದರು. ನಮ್ಮ ಹತ್ತು ಸೆಂಟಿಮೀಟರಿನ ಪಟ್ಟಿ ಪೂರ್ತಿ ಮುಳುಗಿತ್ತು. ಎಷ್ಟೆಂದು ಬರೆಯುವುದು? ಜಗಳವಾಯಿತು. ನೂರು ಎಂದು ಬರೆಯೋಣ ಎಂದ ಒಬ್ಬ. ಅದು ಸುಳ್ಳಾಗುತ್ತೆ ಎಂದಳು ಇನ್ನೊಬ್ಬಳು. ಗಂಟೆಯಾಯಿತೆಂದು ಏನೂ ಬರೆಯದೆ ಓಡಿಹೋದರು. ನಾನೂ ಮೆಟ್ರೋಗೆ ಹೊರಟಿದ್ದೆ. ಎದುರು ಮನೆಯಾಕೆ ಕೈಯಲ್ಲಿ ಪೊರಕೆ ಹಿಡಿದು ಗೇಟಿನ ಬಳಿ ನಿಂತಿದ್ದರು, ಅವರ ಅಂಗಳದ ತುಂಬ ಮುರಿದ ಕೊಂಬೆಗಳು.

“ಏನ್ರೀ ಟೀಚರ್, ಇವತ್ತು ಬೋರ್ಡಲ್ಲಿ ಏನೂ ಬರೆದಿಲ್ಲ?”

ಮಾಪಕದ ಪಟ್ಟಿ ಸಾಲಲಿಲ್ಲ, ಸಂಜೆ ಬಂದು ಉದ್ದದ ಪಟ್ಟಿ ಅಂಟಿಸಬೇಕು ಎಂದೆ. ಆಕೆ ಬಾಟಲಿಯನ್ನು ಬಗ್ಗಿ ನೋಡಿದರು. “ಇದೂ ಸಾಲದು. ನಮ್ಮನೇಲಿ ಐದು ಲೀಟರಿನ ಎಣ್ಣೆ ಕ್ಯಾನಿದೆ, ತೊಳೆದಿಟ್ಟಿರ್ತೀನಿ” ಎಂದರು.